ಪಕ್ಕದ ಮನೆ ಹುಡುಗ ಎರಡು ವರ್ಷ ಸೆಬುಗೆ ಹೊರಟಿದ್ದಾನೆ: ಈ ಮಾರ್ಮನ್ ಮಿಷನರಿ ಹುಡುಗರ ದಿನ ಹೇಗಿರುತ್ತೆ?

ಸಾಗರದವಳು_ಲೀಹೈ

ಎಲ್ಲರಿಗೂ ನಮಸ್ಕಾರ. ನಾವಿರೋದು ಅಮೆರಿಕದ ಯೂಟಾ ರಾಜ್ಯದ ಲೀಹೈ ಅನ್ನೋ ಊರಲ್ಲಿ. ನಮ್ಮ ಬೀದಿಯಲ್ಲಿ ನಮ್ಮದೂ ಇನ್ನೊಂದು ಮನೆಯೂ ಬಿಟ್ಟರೆ ಉಳಿದವರೆಲ್ಲ ಎಲ್‌ಡಿಎಸ್ ಚರ್ಚಿನವರು, ಪೂರ್ತಿ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಮಾರ್ಮನ್ ಅನ್ನೋ ಅಡ್ಡಹೆಸರು ಬೇಡ, ಚರ್ಚಿನ ಪೂರ್ತಿ ಹೆಸರು ಹೇಳಿ ಅಂತ 2018ರಲ್ಲಿ ಅವರ ಆಗಿನ ಅಧ್ಯಕ್ಷರು ರಸೆಲ್ ನೆಲ್ಸನ್ ಕೇಳಿಕೊಂಡಿದ್ದರು. ಇಲ್ಲಿ ಹುಡುಕುವವರಿಗೆ ಸಿಗಲಿ ಅಂತ ಶೀರ್ಷಿಕೆಯಲ್ಲಿ ಹಳೇ ಹೆಸರೇ ಇಟ್ಟಿದ್ದೇನೆ.

ಪಕ್ಕದ ಮನೆ ಹುಡುಗ ನನ್ನ ಮಗನ ಜೊತೆಗೇ ಹೈಸ್ಕೂಲು ಮುಗಿಸಿದವನು. ಹದಿನೆಂಟು ತುಂಬಿದೆ. ನನ್ನ ಮಗ ಕಾಲೇಜಿಗೆ ಹೊರಟ, ಅವನು ಮಿಷನ್‌ಗೆ, ಅಂದರೆ ಚರ್ಚಿನ ಪರವಾಗಿ ಧರ್ಮಪ್ರಚಾರಕ್ಕೆ, ಎರಡು ವರ್ಷ ಫಿಲಿಪ್ಪೀನ್ಸ್‌ನ ಸೆಬುಗೆ ಹೊರಟ. ಎಲ್ಲಿಗೆ ಅಂತ ಅವನು ಆರಿಸಿಕೊಂಡದ್ದಲ್ಲ. ಅರ್ಜಿ ಹಾಕಿ ಕಾದಿದ್ದ. ಒಂದು ದಿನ ಸಂದೇಶ ಬಂತು, ಮನೆ ತುಂಬ ನೆಂಟರು ಸೇರಿದರು, ಗೋಡೆಗೆ ಪ್ರಪಂಚದ ನಕಾಶೆ ಹಚ್ಚಿ ಅವರವರ ಊಹೆಯ ಜಾಗಕ್ಕೆ ಗುಂಡುಸೂಜಿ ಚುಚ್ಚಿದರು. ಆಮೇಲೆ ಇವನು ಎಲ್ಲರೆದುರು ಪತ್ರ ಓದಿದ. ನಮ್ಮನ್ನೂ ಕರೆದಿದ್ದರು. ಅವನ ಅಜ್ಜಿ ಬ್ರೆಜಿಲ್ ಮೇಲೆ ಚುಚ್ಚಿದ್ದರು, ನನ್ನ ಯಜಮಾನರು ಸುಮ್ಮನೆ ಇರಲಾರದೆ ಕೇರಳದ ಮೇಲೆ.

ಈಗ ಮೊದಲ ವಾರದ ತರಬೇತಿ ಮನೆಯಿಂದಲೇ ಆನ್‌ಲೈನ್. ತನ್ನದೇ ಕೋಣೆಯಲ್ಲಿ ಬಿಳಿ ಶರ್ಟು, ಟೈ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾನೆ. ಮುಂದಿನ ವಾರ ಇಲ್ಲೇ ಯೂಟಾದ ಪ್ರೋವೊ ಊರಿನ ತರಬೇತಿ ಕೇಂದ್ರಕ್ಕೆ. ನಿನ್ನೆ ಅವನ ತಾಯಿ ಬಂದು, "ನೀವು ಆ ಕಡೆಯವರಲ್ವಾ, ಬಕೆಟ್ ನೀರಲ್ಲಿ ಸ್ನಾನ ಮಾಡೋದು, ಕೈಯಲ್ಲಿ ಬಟ್ಟೆ ಒಗೆಯೋದು ಇವನಿಗೆ ಸ್ವಲ್ಪ ತೋರಿಸಿಕೊಡಿ" ಅಂದರು. ಸಾಗರಕ್ಕೂ ಸೆಬುಗೂ ಎಷ್ಟು ದೂರ ಅಂತ ಹೇಳೋಕೆ ಹೋಗಲಿಲ್ಲ. ಬಕೆಟ್ ಎಲ್ಲಾದರೂ ಬಕೆಟ್ಟೇ.

ಈ ಹುಡುಗರು ಬೆಳಗಿನಿಂದ ರಾತ್ರಿವರೆಗೆ ಮಾಡೋದಾದರೂ ಏನು? ದುಡ್ಡು ಯಾರು ಕೊಡ್ತಾರೆ? ಮನೆಯವರ ಜೊತೆ ಮಾತಾಡೋಕೆ ಬಿಡ್ತಾರಾ? ಹತ್ತಿರದಿಂದ ನೋಡಿದವರು, ಹೋಗಿಬಂದವರು ಇದ್ದರೆ ಬರೆಯಿರಿ.

ಒರೆಮ್_ಟೆಕ್ಕಿ

ಮೇಡಂ, ನಾನೂ ಯೂಟಾದಲ್ಲೇ ಇದ್ದೀನಿ. ನಮ್ಮ ಟೀಮಿನಲ್ಲಿ ಅರ್ಧಕ್ಕರ್ಧ ಜನ ಮಿಷನ್‌ಗೆ ಹೋಗಿಬಂದವರೇ. ಮಧ್ಯಾಹ್ನ ಊಟಕ್ಕೆ ಕೂತರೆ ಒಬ್ಬ ಪೋರ್ಚುಗೀಸ್ ಮಾತಾಡ್ತಾನೆ, ಇನ್ನೊಬ್ಬ ಕೊರಿಯನ್.

ದುಡ್ಡಿನ ವಿಷಯ ಕೇಳಿದ್ರಲ್ಲ, ಅವರಿಗೆ ಸಂಬಳ ಇಲ್ಲ. ತಿರುಗಿ ಅವರೇ ಕೊಡಬೇಕು. ಅಮೆರಿಕದಿಂದ ಹೋಗೋ ಹುಡುಗನ ಮನೆಯವರು ತಿಂಗಳಿಗೆ 500 ಡಾಲರ್ ಕಟ್ಟಬೇಕು, 2020ರ ಜುಲೈಗೆ ಮುಂಚೆ 400 ಇತ್ತು. ಹುಡುಗರಿಗೆ ಎರಡು ವರ್ಷ ಅಂದ್ರೆ 12,000 ಡಾಲರ್. ಬಟ್ಟೆ, ಬೂಟು, ಸೂಟ್‌ಕೇಸು ಬೇರೆ. ಚಿಕ್ಕವರಿದ್ದಾಗಿನಿಂದ ಹುಂಡಿಯಲ್ಲಿ ಮಿಷನ್‌ಗೆ ಅಂತ ಕೂಡಿಡೋ ಮಕ್ಕಳನ್ನ ಇಲ್ಲಿ ನೋಡಬಹುದು. 1991ಕ್ಕೆ ಮುಂಚೆ ಹೋದ ಊರಿನ ಖರ್ಚೇ ಹುಡುಗನ ಖರ್ಚು. ಜಪಾನ್ ಸಿಕ್ಕಿದವನ ಅಪ್ಪನಿಗೆ ಬೆವರು, ಗ್ವಾಟೆಮಾಲಾ ಸಿಕ್ಕಿದವನ ಅಪ್ಪನಿಗೆ ನೆಮ್ಮದಿ. ಈಗ ಎಲ್ಲಾ ಒಂದೇ ನಿಧಿಗೆ ಹೋಗಿ ಅಲ್ಲಿಂದ ಹಂಚಿಕೆಯಾಗುತ್ತೆ. ಬಡ ದೇಶದವರು ಕೈಲಾದಷ್ಟು ಕೊಡ್ತಾರೆ, ಉಳಿದದ್ದನ್ನ ಚರ್ಚು ತುಂಬುತ್ತೆ.

ಫೋನು: 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮನೆಗೆ ಕರೆ, ವಿಡಿಯೋ ಕರೆ ಎರಡೂ ಮಾಡಬಹುದು. ಅದಕ್ಕೆ ಮುಂಚೆ ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ ಮತ್ತು ಅಮ್ಮಂದಿರ ದಿನ. ನಮ್ಮ ಮ್ಯಾನೇಜರ್ ಆ ಕಾಲದವರು. ಇವತ್ತಿನ ಹುಡುಗರು ಸುಖಪುರುಷರು ಅಂತ ಅವರ ಗೊಣಗಾಟ.

ಜಯನಗರ_ಮಾಜಿ_ಎಲ್ಡರ್

ಸಾಗರದ ಅಕ್ಕ, ನಾನು ಬೆಂಗಳೂರಿನವನು, ಇದೇ ಚರ್ಚಿನವನು. 2013ರಿಂದ 15ರವರೆಗೆ ನಾನಿದ್ದದ್ದೂ ಸೆಬು ಕಡೆಯೇ. ಬೆಂಗಳೂರಲ್ಲಿ ಈ ಚರ್ಚು ಇದೆಯಾ ಅಂತ ಕೇಳುವವರಿಗೆ: 1993ರಿಂದ ಇಲ್ಲಿ ಅವರ ಮಿಷನ್ ಕಚೇರಿ ಇದೆ, 2018ರಲ್ಲಿ ಇಲ್ಲೊಂದು ದೇವಾಲಯ ಕಟ್ಟುವುದಾಗಿಯೂ ಘೋಷಿಸಿದರು. ನನ್ನ ತರಬೇತಿ ಪ್ರೋವೊದಲ್ಲಿ ಅಲ್ಲ, ಮನಿಲಾದಲ್ಲಿ ಆಯಿತು.

ದಿನದ ಲೆಕ್ಕ ಹೀಗೆ. ಬೆಳಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಎಂಟಕ್ಕೆ ಒಬ್ಬೊಬ್ಬರೇ ಗ್ರಂಥ ಓದುವುದು, ಒಂಬತ್ತಕ್ಕೆ ಇಬ್ಬರೂ ಸೇರಿ ಓದುವುದು, ಆಮೇಲೆ ಭಾಷೆ. ಅಲ್ಲಿನ ಭಾಷೆ ಸೆಬುವಾನೊ, ಜನ ಬಿಸಾಯ ಅಂತಾರೆ. ಮನಿಲಾದ ತಗಾಲೊಗ್ ಬೇರೆ. ಹನ್ನೊಂದರ ಹೊತ್ತಿಗೆ ಮನೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ವಾಪಸ್. ನಾಳೆ ಏನು ಎಂಬುದನ್ನು ಬರೆದಿಟ್ಟು ಹತ್ತೂವರೆಗೆ ದೀಪ ಆರಿಸಬೇಕು. 2017ರಲ್ಲಿ ಈ ವೇಳಾಪಟ್ಟಿಯನ್ನು ಸ್ವಲ್ಪ ಸಡಿಲಿಸಿದ್ದಾರೆ, ಈಗ ಊರಿಗೆ ತಕ್ಕ ಹಾಗೆ ಹಿಂದುಮುಂದು ಮಾಡಿಕೊಳ್ಳಬಹುದು.

ಇದೆಲ್ಲ ಎರಡೇ ವಾರದಲ್ಲಿ ಮೈಗೆ ಹತ್ತುತ್ತದೆ. ಹತ್ತದೇ ಉಳಿಯುವುದು ಇನ್ನೊಂದು: ಜೊತೆಗಾರ. ಇಂಗ್ಲಿಷಿನ ಕಂಪ್ಯಾನಿಯನ್ ಎಂಬ ಪದವೇ ಎಲ್ಲ ಕಡೆ ನಡೆಯುತ್ತದೆ. ನೀವು ಆರಿಸಿಕೊಂಡವನಲ್ಲ, ಅವನೂ ನಿಮ್ಮನ್ನು ಆರಿಸಿಕೊಂಡಿಲ್ಲ. ಸ್ನಾನದ ಕೋಣೆಯೊಂದನ್ನು ಬಿಟ್ಟರೆ ಯಾವಾಗಲೂ ಒಬ್ಬರಿಗೊಬ್ಬರು ಕಾಣುವ, ಕೇಳುವ ದೂರದಲ್ಲೇ ಇರಬೇಕು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಒಬ್ಬನಿಗೆ ಜ್ವರ ಬಂದರೆ ಇಬ್ಬರೂ ಮನೆಯಲ್ಲಿ. ಒಬ್ಬನಿಗೆ ಮನಸ್ಸಿಲ್ಲದಿದ್ದರೆ ಇಬ್ಬರ ಕೆಲಸವೂ ನಿಂತಿತು. ಕರೆಯುವುದೂ ಹೆಸರು ಹಿಡಿದಲ್ಲ, ಎಲ್ಡರ್ ಎಂದು ಹೇಳಿ ಮನೆತನದ ಹೆಸರು; ಗಂಡು ಮಿಷನರಿಗಳನ್ನೆಲ್ಲ ಎಲ್ಡರ್ ಎಂದೇ ಕರೆಯುವುದು. ನಾಲ್ಕು ತಿಂಗಳು ಒಂದೇ ಕೋಣೆಯಲ್ಲಿ ಮಲಗಿದವನ ಸ್ವಂತ ಹೆಸರು ನನಗೆ ಫೇಸ್‌ಬುಕ್‌ನಿಂದ ಗೊತ್ತಾಯಿತು.

ನನ್ನ ಮೊದಲ ಜೊತೆಗಾರ ಲೂಸಾನ್ ದ್ವೀಪದ ಫಿಲಿಪಿನೊ. ಶಾಂತ ಸ್ವಭಾವ, ತುಂಬಾ ಕಲಿಸಿದ. ಎರಡನೆಯವನು ಅಮೆರಿಕದ ಐಡಹೊದವನು. ಹಲ್ಲುಜ್ಜುತ್ತಾ ಶಿಳ್ಳೆ ಹಾಕಲು ಯತ್ನಿಸುತ್ತಿದ್ದ. ಈಗ ನಗು ಬರುತ್ತದೆ, ಆಗ ಅದೊಂದಕ್ಕೇ ಅವನನ್ನು ಮನೆಗೆ ಕಳಿಸಿಬಿಡಬೇಕು ಅನಿಸುತ್ತಿತ್ತು. ಅವನಿಗೆ ನನ್ನ ಮೇಲಿದ್ದ ದೂರು ಅನ್ನಕ್ಕೆ ಉಪ್ಪಿನಕಾಯಿ ಕಲಸಿ ತಿನ್ನುವ ವಾಸನೆ. ಇಂಥದ್ದಕ್ಕೆಂದೇ ಒಂದು ವ್ಯವಸ್ಥೆ ಇದೆ. ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕೂತು, ಮೊದಲು ನಿನ್ನಲ್ಲಿ ಹಿಡಿಸಿದ್ದು ಇದು ಅಂತ ಹೇಳಿ, ಆಮೇಲೆ ತೊಂದರೆಯಾಗಿದ್ದು ಇದು ಅಂತ ಹೇಳಬೇಕು. ಹತ್ತೊಂಬತ್ತರ ವಯಸ್ಸಿನ ಗಂಡುಹುಡುಗರನ್ನು ಕೂರಿಸಿ ಹೀಗೆ ಮಾತಾಡಿಸುವ ಬೇರೆ ಯಾವ ಜಾಗವನ್ನೂ ನಾನು ಕಂಡಿಲ್ಲ. ಮದುವೆಯಾದ ಮೇಲೆ ಅದರ ಬೆಲೆ ಗೊತ್ತಾಯಿತು.

ಆರು ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ. ಇದ್ದಲ್ಲೇ ಇರಬಹುದು, ಜೊತೆಗಾರ ಬದಲಾಗಬಹುದು, ಅಥವಾ ನೀವೇ ಎರಡು ಸೂಟ್‌ಕೇಸು ಕಟ್ಟಿ ಬಸ್ಸೋ ದೋಣಿಯೋ ಹತ್ತಬೇಕು. ಬಿಟ್ಟು ಬಂದ ಊರಿನವರ ಮನೆಗಳು ಮನಸ್ಸಿನಲ್ಲಿ ಕೊರೆಯುತ್ತಿರುತ್ತವೆ.

ಉಳಿದದ್ದು ಸಂಜೆ ಬರೆಯುತ್ತೇನೆ.

ದಾವಾವೊ_ಕುಡ್ಲ

ಅಕ್ಕಾ, ನಾನು ಫಿಲಿಪ್ಪೀನ್ಸಿನದ್ದೇ ದಾವಾವೊದಲ್ಲಿ ಮೆಡಿಕಲ್ ಓದ್ತಾ ಇದ್ದೇನೆ, ಊರು ಮಂಗಳೂರು. ಇಲ್ಲಿ ಕೂಡ ಬಿಸಾಯವೇ ಮಾತಾಡುದು. ನಮ್ಮ ಬೋರ್ಡಿಂಗ್ ಹೌಸಿನ ಹಿಂದಿನ ಮನೆಯಲ್ಲಿ ನಾಲ್ಕು ಎಲ್ಡರ್ಸ್ ಇದ್ದಾರೆ. ಸೋಮವಾರ ಬಂತು ಅಂದ್ರೆ ಹಗ್ಗದ ತುಂಬ ಬಿಳಿ ಶರ್ಟು. ಅದು ಅವರ ರಜೆ ದಿನ, ಪಿ-ಡೇ ಹೇಳಿ ಕರೀತಾರೆ. ಬಟ್ಟೆ ಒಗೀಲಿಕ್ಕೆ, ಸಾಮಾನು ತರ್ಲಿಕ್ಕೆ, ಮನೆಗೆ ಫೋನ್ ಮಾಡ್ಲಿಕ್ಕೆ. ಸಂಜೆ ಆದ ಕೂಡ್ಲೇ ಪುನಃ ಟೈ ಹಾಕಿ ಹೊರಡ್ತಾರೆ ಮಾರ್ರೆ!

ಬಕೆಟಿನ ಬಗ್ಗೆ ಹೇಳಿ ಅವನಿಗೆ. ಇಲ್ಲಿ ತಾಬೊ ಹೇಳಿ ಉಂಟು, ಹಿಡಿಕೆ ಇರುವ ಪ್ಲಾಸ್ಟಿಕ್ ಚೊಂಬು. ಸ್ನಾನಕ್ಕೂ ಅದೇ, ಕಕ್ಕಸಿಗೂ ಅದೇ ನಮೂನೆಯದ್ದು. ನಮಗೆ ಏನೂ ಅನಿಸುದಿಲ್ಲ, ಅಮೆರಿಕದವನಿಗೆ ಮೊದಲ ವಾರ ಭಾರೀ ಕಷ್ಟ. ನಲ್ಲಿ ನೀರು ಕುಡೀಬಾರದು, ನೀರು ತುಂಬಿಸಿ ಕೊಡುವ ಅಂಗಡಿ ಗಲ್ಲಿ ಗಲ್ಲಿಯಲ್ಲಿ ಉಂಟು, ನೀಲಿ ಕ್ಯಾನ್ ತಗೊಂಡು ಹೋಗಿ ತರಬೇಕು. ಸೊಳ್ಳೆಗೆ ಜಾಗ್ರತೆ ಹೇಳಿ. ಡೆಂಗಿ ವಾರ್ಡಿನಲ್ಲಿ ನಾನು ನೋಡಿದ್ದೇನೆ, ತಮಾಷೆ ಅಲ್ಲ. ಕರೆಂಟು ಹೋದ್ರೆ ಇಲ್ಲಿ ಬ್ರೌನೌಟ್ ಅಂತಾರೆ, ಆಗ ಫ್ಯಾನಿಲ್ಲದೆ ಮಲಗ್ಲಿಕ್ಕೆ ಕಲೀಬೇಕು.

ಮೂರು ಹೊತ್ತೂ ಅನ್ನ. ಅದು ನಮಗೆ ಓಕೆ, ಅವನಿಗೆ ಕೇಳಿ ನೋಡಿ. ಮತ್ತೆ ಹೊಸಬ ಬಂದ ಅಂದ್ರೆ ಎಲ್ಲರೂ ಸೇರಿ ಬಲೂಟ್ ತಿನ್ನಿಸ್ತಾರೆ, ಒಳಗೆ ಮರಿ ಬೆಳೆದ ಬಾತುಕೋಳಿ ಮೊಟ್ಟೆ. ಅದನ್ನ ತಾಯಿಗೆ ಈಗಲೇ ಹೇಳುದು ಬೇಡ.

ಧಾರವಾಡ_ಮಾಸ್ತರ

ಭಾಳ ಛಲೋ ಚರ್ಚಾ ನಡೆದೈತಿ. ಒಂದ ಮಾತ ಕೇಳ್ತೀನ್ರಿ. ಚಾ ಇಲ್ಲ, ಕಾಫಿ ಇಲ್ಲ ಅಂತಾರಲ್ಲ ಇವರು? ಹಂಗಂದ್ರ ಯಾರರ ಮನಿಗೆ ಹೋದಾಗ ಏನ್ ಕುಡಿತಾರ? ನಮ್ಮ ಕಡೆ ಮನಿಗೆ ಬಂದವ ಚಾ ಒಲ್ಲೆ ಅಂದ್ರ ಸಿಟ್ಟಾಗ್ಯಾನೇನೋ ಅಂತ ತಿಳಿತಾರ.

ಜಯನಗರ_ಮಾಜಿ_ಎಲ್ಡರ್

ಮಾಸ್ತರರೇ, ಒಳ್ಳೆ ಪ್ರಶ್ನೆ. ಚಹಾ, ಕಾಫಿ, ಮದ್ಯ, ತಂಬಾಕು ನಾಲ್ಕೂ ಇಲ್ಲ. 1833ರಿಂದ ಇರುವ ಬೋಧನೆ ಅದು. ಫಿಲಿಪ್ಪೀನ್ಸ್‌ನಲ್ಲಿ ಮನೆಗೆ ಹೋದರೆ ಸಕ್ಕರೆ, ಹಾಲುಪುಡಿ ಎಲ್ಲ ಸೇರಿದ ಕಾಫಿ ಪೊಟ್ಟಣ ಒಡೆದು ಬಿಸಿನೀರಿಗೆ ಹಾಕುತ್ತಾರೆ. ನಾವು ಬೇಡ ಅಂದರೆ ಮನೆಯಾಕೆ ಮಗನನ್ನು ಮುಂದಿನ ಮನೆಯ ಸಾರಿ-ಸಾರಿಗೆ ಓಡಿಸಿ ಮೈಲೊ ಎಂಬ ಚಾಕೊಲೇಟ್ ಪೇಯದ ಪುಡಿ ತರಿಸುತ್ತಿದ್ದರು. ಸಾರಿ-ಸಾರಿ ಅಂದರೆ ಮನೆಯ ಕಿಟಕಿಗೇ ಜಾಲರಿ ಹಾಕಿ ಶಾಂಪೂ ಪೊಟ್ಟಣ, ಎಣ್ಣೆ, ಬಿಸ್ಕತ್ತು ಮಾರುವ ಚಿಲ್ಲರೆ ಅಂಗಡಿ. ಬಡವರ ಮನೆಯಲ್ಲಿ ಆ ಮೈಲೊ ನಮಗೋಸ್ಕರ ಖರ್ಚು ಮಾಡಿದ ದುಡ್ಡು ಅಂತ ಗೊತ್ತಿರುತ್ತಿತ್ತು. ನೀರು ಸಾಕು ಅಂದರೂ ಕೇಳುತ್ತಿರಲಿಲ್ಲ.

ಇನ್ನು ಹೊರಗಿನ ಕೆಲಸ. ಗೇಟಿನ ಹೊರಗೆ ನಿಂತು ಕೂಗಿ ಕರೆಯುತ್ತೇವೆ. ಬೈದು ಕಳಿಸುವವರು ತೀರಾ ಕಡಿಮೆ. ಜನ ಕ್ಯಾಥಲಿಕರು, ದೇವರ ಮಾತು ಅಂದರೆ ಕೂರಿಸಿ ಕೇಳುತ್ತಾರೆ. ಊಟದ ಹೊತ್ತಾದರೆ ತಟ್ಟೆ ಬಂದೇ ಬರುತ್ತದೆ. ಸಮಸ್ಯೆ ಇರುವುದು ಅಲ್ಲೇ. ಅವರಿಗೆ ಇಲ್ಲ ಅನ್ನುವುದು ಬಹಳ ಕಷ್ಟ. ಗುರುವಾರ ಮೂರಕ್ಕೆ ಬರಲಾ ಅಂದರೆ ಬನ್ನಿ ಅಂತಾರೆ. ಗುರುವಾರ ಮೂರಕ್ಕೆ ಮನೆಗೆ ಬೀಗ. ಭಾನುವಾರ ಚರ್ಚಿಗೆ ಬರ್ತೀವಿ ಅಂತಾರೆ. ಭಾನುವಾರ ಬೆಳಗ್ಗೆ ನಾವು ಮನೆಮನೆಗೆ ಹೋಗಿ ಕರೆದುತರಬೇಕು, ಐದು ಮನೆ ಸುತ್ತಿದರೆ ಒಬ್ಬ ಅಜ್ಜಿ, ಇಬ್ಬರು ಮಕ್ಕಳು ಬರುತ್ತಾರೆ. ಅಮೆರಿಕದ ಹುಡುಗರು ಇದನ್ನು ಸುಳ್ಳು ಅಂತ ತಿಳಿದು ಕೋಪ ಮಾಡಿಕೊಳ್ಳುತ್ತಿದ್ದರು. ನನಗೆ ಹಾಗೆ ಅನಿಸಲಿಲ್ಲ, ನಮ್ಮಲ್ಲಿ ಮದುವೆಗೆ ಬರ್ತೀವಿ ಬರ್ತೀವಿ ಅನ್ನುವವರನ್ನು ಕಂಡವನಲ್ಲವೇ.

ಮಧ್ಯಾಹ್ನ ಒಂದರಿಂದ ಮೂರು, ಅದೇ ಅತಿ ಉದ್ದದ ಹೊತ್ತು. ಬಿಸಿಲಿಗೆ ನಾಯಿಯೂ ಹೊರಗೆ ಬರುವುದಿಲ್ಲ. ಯಾರ ಮನೆಗೂ ಹೋಗುವ ಹಾಗಿಲ್ಲ, ನಮ್ಮ ಮನೆಗೂ ವಾಪಸ್ ಹೋಗುವ ಹಾಗಿಲ್ಲ. ಬಸ್ ನಿಲ್ದಾಣದ ನೆರಳಲ್ಲಿ ಕೂತು ಭಾಷೆಯ ಚೀಟಿ ಬಾಯಿಪಾಠ ಮಾಡುತ್ತಿದ್ದೆವು. ಎದುರಿಗೆ ಸಮುದ್ರ. ಈಜು ಮಿಷನರಿಗಳಿಗೆ ನಿಷಿದ್ಧ. ದ್ವೀಪದಲ್ಲಿ ಅಷ್ಟು ಕಾಲ ಇದ್ದು ಒಮ್ಮೆಯೂ ನೀರಿಗಿಳಿಯದೆ ಬಂದೆ.

ಅಕ್ಕ, ನಿಮ್ಮ ಪಕ್ಕದ ಮನೆ ಹುಡುಗನಿಗೆ ವಾರಕ್ಕೊಮ್ಮೆ ತಾಯಿಯ ಮುಖ ಕಾಣುತ್ತದೆ. ನಮಗೆ ವಾರಕ್ಕೊಂದು ಇಮೇಲ್ ಮಾತ್ರ, ಅದೂ ಬೀದಿಯ ಕಂಪ್ಯೂಟರ್ ಅಂಗಡಿಯಿಂದ. ಅಕ್ಕಪಕ್ಕ ಶಾಲೆ ತಪ್ಪಿಸಿ ಬಂದ ಹುಡುಗರು ಡೋಟಾ ಆಡುತ್ತಾ ಕಿರುಚುತ್ತಿರುತ್ತಿದ್ದರು. ಗಂಟೆಗೆ ಇಷ್ಟು ಪೆಸೊ ಅಂತ ಮೀಟರ್ ಓಡುತ್ತಿರುವಾಗ ಅಜ್ಜಿಗೆ ಹುಷಾರಿಲ್ಲ ಅನ್ನುವ ಸುದ್ದಿ ಓದಿದ್ದೇನೆ.

ನೇರನುಡಿ

ಎಲ್ಲಾ ಚೆನ್ನಾಗಿದೆ, ಚೊಂಬು, ಮೈಲೊ, ಶಿಳ್ಳೆ. ಆದರೆ ಕೊನೆಗೆ ಇದು ಮತಾಂತರವೇ ತಾನೇ? ಹದಿನೆಂಟರ ಹುಡುಗ, ಬ್ಯಾಂಕಿನಲ್ಲಿ ಒಂದು ಫಾರ್ಮು ತುಂಬಲು ಬಾರದವನು, ಅರವತ್ತು ವರ್ಷದ ಬೆಸ್ತರ ಅಜ್ಜನಿಗೆ ನಿನ್ನ ದೇವರು ಸರಿಯಿಲ್ಲ ಎಂದು ಹೇಳಲು ಹೋಗುತ್ತಾನೆ. ಇದನ್ನು ಸೇವೆ ಎಂದು ಕರೆಯುವುದಕ್ಕೆ ನನ್ನ ತಕರಾರಿದೆ. ಅಮೆರಿಕದ ಡಾಲರ್ ಇಲ್ಲದಿದ್ದರೆ ಆ ಅಜ್ಜ ಗೇಟು ತೆಗೆಯುತ್ತಿದ್ದನೇ?

ಜಯನಗರ_ಮಾಜಿ_ಎಲ್ಡರ್

ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಹೌದು, ನೀರಲ್ಲಿ ಮುಳುಗಿಸಿ ಚರ್ಚಿಗೆ ಸೇರಿಸುವ ದೀಕ್ಷಾಸ್ನಾನ ಕೊಡುವುದೇ ಗುರಿ. ಎದೆಯ ಮೇಲಿನ ಕಪ್ಪು ಪಟ್ಟಿಯಲ್ಲಿ ಚರ್ಚಿನ ಹೆಸರು ಇರುತ್ತದೆ, ಯಾರೂ ಮುಚ್ಚಿಡುವುದಿಲ್ಲ. ಡಾಲರ್ ಹಂಚುವ ಹಾಗಿಲ್ಲ, ನಮ್ಮ ಕಾರ್ಡಿಗೆ ಬೀಳುತ್ತಿದ್ದದ್ದೇ ಅಕ್ಕಿ ಮೊಟ್ಟೆಗೆ ಸರಿಯಾಗುವಷ್ಟು. ಆದರೆ ಬಿಳಿ ಚರ್ಮಕ್ಕೆ ಗೇಟು ಬೇಗ ತೆರೆಯುತ್ತದೆ ಎಂಬುದು ನಿಜ. ನಾನು ಮತ್ತು ಐಡಹೊದವನು ಒಟ್ಟಿಗೆ ಹೋದರೆ ಜನ ಅವನತ್ತ ನೋಡಿ ಮಾತಾಡುತ್ತಿದ್ದರು, ಬಿಸಾಯ ಚೆನ್ನಾಗಿ ಬರುತ್ತಿದ್ದದ್ದು ನನಗೆ.

ನನಗೆ ಹಿಡಿಸದೇ ಇದ್ದದ್ದು ಅಂಕಿಗಳು. ವಾರಕ್ಕೆ ಎಷ್ಟು ಪಾಠ, ಎಷ್ಟು ಜನ ಚರ್ಚಿಗೆ, ಎಷ್ಟು ದೀಕ್ಷೆ ಎಂದು ಪ್ರತಿ ಭಾನುವಾರ ರಾತ್ರಿ ಮೇಲಿನವರಿಗೆ ಒಪ್ಪಿಸಬೇಕು. ಸೊನ್ನೆ ಹೇಳುವಾಗ ದನಿ ಸಣ್ಣಗಾಗುತ್ತದೆ. ಅಂಕಿ ತುಂಬುವ ಆತುರ ಎಂಥದ್ದು ಅಂತ ಫಿಲಿಪ್ಪೀನ್ಸ್ ದೇಶ ಕಂಡಿದೆ. 1961ರಿಂದ ಮಿಷನರಿಗಳು ಹೋದರು, ಸದಸ್ಯರ ಸಂಖ್ಯೆ ಲಕ್ಷಗಳಿಗೆ ಏರಿತು, ಏಷ್ಯಾದಲ್ಲೇ ಈ ಚರ್ಚಿನ ಸದಸ್ಯರು ಅತಿ ಹೆಚ್ಚು ಇರುವುದು ಅಲ್ಲಿ. ಆದರೆ ಪುಸ್ತಕದಲ್ಲಿ ಹೆಸರಿದ್ದವರಲ್ಲಿ ಬಹಳ ಜನ ಚರ್ಚಿನ ಒಳಗೆ ಕಾಣುತ್ತಿರಲಿಲ್ಲ. 2002ರಲ್ಲಿ ಚರ್ಚಿನ ಮೇಲಿನ ಹಂತದ ಹಿರಿಯರಾದ ಹನ್ನೆರಡು ಅಪೊಸ್ತಲರಲ್ಲಿ ಆಗ ಒಬ್ಬರಾಗಿದ್ದ ಡಾಲಿನ್ ಓಕ್ಸ್ ಅವರನ್ನೇ ಎರಡು ವರ್ಷ ಅಲ್ಲಿ ನೆಲೆಯಾಗಿರಲು ಕಳಿಸಿದರು. ನನ್ನ ಕಾಲದಲ್ಲೂ ಅರ್ಧ ಕೆಲಸ ಹಳೆಯ ಪಟ್ಟಿ ಹಿಡಿದು, ಬರುವುದು ಬಿಟ್ಟವರ ಮನೆ ಹುಡುಕುವುದೇ ಆಗಿತ್ತು.

ನನ್ನ ಅನಿಸಿಕೆ ಕೇಳಿದರೆ, ಈ ಎರಡು ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಮತಾಂತರವಾಗುವವನು ಮಿಷನರಿಯೇ. ಅವನು ದಿನಾ ಬಾಯಿಬಿಟ್ಟು ಹೇಳಿದ್ದು ಮೊದಲು ಅವನ ಕಿವಿಗೇ ಬೀಳುತ್ತದೆ. ಚರ್ಚಿನ ಹಿರಿಯರಿಗೂ ಇದು ಗೊತ್ತಿದೆ, ಗೊತ್ತಿದ್ದೇ ಕಳಿಸುತ್ತಾರೆ.

ನೇರನುಡಿ

ಕೊನೆಯ ಪ್ಯಾರಾ ಒಪ್ಪಿದೆ. ಅದರಿಂದಲೇ ನನ್ನ ತಕರಾರು ಇನ್ನೂ ಗಟ್ಟಿಯಾಯಿತು, ಇರಲಿ. ಅಜ್ಜನ ಗೇಟು ಇವರ ತರಬೇತಿ ಮೈದಾನ ಎಂದಾಯಿತಲ್ಲ.

ನಿರ್ವಾಹಕರು

ಮತಾಂತರ ಕಾನೂನಿನ ಬಗ್ಗೆ ಬಂದ ಕೆಲವು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸರಿಸಲಾಗಿದೆ. ಇಲ್ಲಿ ಮಿಷನರಿಗಳ ಬದುಕಿನ ಬಗ್ಗೆ ಮಾತ್ರ ಬರೆಯಿರಿ.

ನಗೋಯಾ_ನಿವಾಸಿ

ಜಪಾನಿನ ಚಿತ್ರ ಪೂರ್ತಿ ಬೇರೆ. ಇಲ್ಲಿ ಹುಡುಗರು ಹೆಲ್ಮೆಟ್ ಹಾಕಿ ಸೈಕಲ್ಲಿನಲ್ಲಿ ತಿರುಗುತ್ತಾರೆ, ಹಿಮದಲ್ಲೂ. ಅಪಾರ್ಟ್‌ಮೆಂಟಿನ ಇಂಟರ್‌ಕಾಮ್ ಒತ್ತಿದರೆ ಒಳಗಿನಿಂದ ಬಹಳ ಸಭ್ಯವಾದ ದನಿಯಲ್ಲಿ ಬೇಡ ಎಂದು ಉತ್ತರ. ದಿನವಿಡೀ ಅಷ್ಟೇ. ಅವರ ಚರ್ಚಿನಲ್ಲಿ ವಾರಕ್ಕೊಮ್ಮೆ ಉಚಿತ ಇಂಗ್ಲಿಷ್ ಸಂಭಾಷಣೆ ತರಗತಿ ನಡೆಯುತ್ತದೆ, ಇಲ್ಲಿ ಅದನ್ನು ಏಕೈವಾ ಎನ್ನುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಬಹಳ ಕಾಲದಿಂದ ಹೋಗುತ್ತಿದ್ದಾರೆ, ಇಂಗ್ಲಿಷ್ ಸೊಗಸಾಗಿದೆ, ಧರ್ಮದ ವಿಷಯಕ್ಕೆ ಬಂದರೆ ನಗುತ್ತಾ ತಲೆಬಾಗಿಸುತ್ತಾರೆ. ಹುಡುಗರಿಗೂ ಗೊತ್ತು, ಆದರೂ ಕಲಿಸುತ್ತಾರೆ. ಇದು ಇವತ್ತಿನದಲ್ಲ, 1901ರಲ್ಲಿ ಜಪಾನಿಗೆ ಮೊದಲ ಮಿಷನರಿಗಳು ಬಂದರು, ಸೇರಿದವರು ಇನ್ನೂರು ಜನವೂ ಇಲ್ಲ, 1924ರಲ್ಲಿ ಬಾಗಿಲು ಹಾಕಿ ಹೋದರು. ಮತ್ತೆ ಬಂದದ್ದು ಯುದ್ಧ ಮುಗಿದ ಮೇಲೆ, 1948ರಲ್ಲಿ.

ಮಾಸ್ತರರ ಚಹಾ ಪ್ರಶ್ನೆಗೆ: ಇಲ್ಲಿ ಹಸಿರು ಚಹಾ ಕೂಡ ಅವರಿಗೆ ವರ್ಜ್ಯ. ಆದರೆ ಹುರಿದ ಬಾರ್ಲಿಯ ಮುಗಿಚಾ ಕುಡಿಯಬಹುದು. ಅದರಲ್ಲಿ ಚಹಾ ಎಲೆ ಇಲ್ಲವಲ್ಲ. ಹೊಸದಾಗಿ ಬಂದ ಹುಡುಗ ಮೂಸಿ ನೋಡಿ, ಜೊತೆಗಾರನ ಮುಖ ನೋಡಿ, ಆಮೇಲೆ ಕುಡಿಯುವುದನ್ನು ನೋಡಬೇಕು.

ಮೈಸೂರು_ಮಲ್ಲಿಗೆ77

ಹುಡುಗರು ಹುಡುಗರು ಅಂತ ಅಷ್ಟೊತ್ತಿನಿಂದ ಓದ್ತಿದ್ದೀನಿ. ಹೆಣ್ಣುಮಕ್ಕಳು ಹೋಗಲ್ವಾ?

ಒರೆಮ್_ಟೆಕ್ಕಿ

ಹೋಗ್ತಾರೆ ಮೇಡಂ, ತುಂಬಾ ಜನ. 2012ರ ಅಕ್ಟೋಬರ್‌ನಲ್ಲಿ ಹುಡುಗರ ವಯಸ್ಸನ್ನ 19ರಿಂದ 18ಕ್ಕೂ ಹುಡುಗಿಯರದ್ದನ್ನ 21ರಿಂದ 19ಕ್ಕೂ ಇಳಿಸಿದ್ರು. ಆಗ 58 ಸಾವಿರದಷ್ಟಿದ್ದ ಮಿಷನರಿಗಳ ಸಂಖ್ಯೆ ಎರಡು ವರ್ಷದಲ್ಲಿ 80 ಸಾವಿರ ದಾಟಿತು. ಹೆಚ್ಚಾದವರಲ್ಲಿ ದೊಡ್ಡ ಪಾಲು ಹುಡುಗಿಯರದ್ದು. ಅವರ ಅವಧಿ 18 ತಿಂಗಳು, ಕರೆಯೋದು ಸಿಸ್ಟರ್ ಅಂತ. ನಮ್ಮ ಕಚೇರಿಯ ಹುಡುಗಿಯೊಬ್ಬಳು ಯುರೋಪಿನ ಚಳಿಯಲ್ಲಿ ಪೂರ್ತಿ ಲಂಗದಲ್ಲೇ ಸೈಕಲ್ ತುಳಿದವಳು. ಪ್ಯಾಂಟ್ ಹಾಕೋಕೆ ಅನುಮತಿ ಸಿಕ್ಕಿದ್ದು 2018ರ ಡಿಸೆಂಬರ್‌ನಲ್ಲಿ, ಅಷ್ಟೊತ್ತಿಗೆ ಅವಳು ವಾಪಸ್ ಬಂದಾಗಿತ್ತು. ಆ ಸುದ್ದಿ ಓದಿ ಮೇಜು ಗುದ್ದಿದಳಂತೆ.

ಮೈಸೂರು_ಮಲ್ಲಿಗೆ77

ಸರಿ, ಹೋಗ್ತಾರೆ. ದೀಕ್ಷಾಸ್ನಾನ ಹೆಣ್ಣುಮಕ್ಕಳೇ ಮಾಡಿಸ್ತಾರಾ?

ಜಯನಗರ_ಮಾಜಿ_ಎಲ್ಡರ್

ಇಲ್ಲ ಅಮ್ಮ. ನಮ್ಮ ಚರ್ಚಿನಲ್ಲಿ ಪೌರೋಹಿತ್ಯ ಗಂಡಸರಿಗೆ ಮಾತ್ರ. ಸಿಸ್ಟರ್‌ಗಳು ತಿಂಗಳುಗಟ್ಟಲೆ ಕಲಿಸುತ್ತಾರೆ, ಕೊನೆಯ ದಿನ ನೀರಿಗಿಳಿಯುವವನು ಒಬ್ಬ ಎಲ್ಡರ್ ಅಥವಾ ಊರಿನ ಸದಸ್ಯ.

ಮೈಸೂರು_ಮಲ್ಲಿಗೆ77

ಅಡುಗೆ ಮಾಡಿದವಳು ಒಬ್ಬಳು, ಬಡಿಸಿ ಹೆಸರು ತಗೊಂಡವನು ಇನ್ನೊಬ್ಬ. ಎಲ್ಲೂ ಬದಲಾಗಿಲ್ಲ ಬಿಡಿ.

ಸಾಗರದವಳು_ಲೀಹೈ

ಎಲ್ಲರ ಬರಹ ಓದುತ್ತಾ ಹೋದೆ. ಕುಡ್ಲದ ತಮ್ಮ, ಬಲೂಟ್ ವಿಷಯ ಹೇಳಿಲ್ಲ. ಹುಡುಗನಿಗೆ ನಿನ್ನೆ ನಮ್ಮ ಹಿತ್ತಲಲ್ಲಿ ಬಕೆಟ್, ಸೋಪು ಕೊಟ್ಟು ಅವನದೇ ಬಿಳಿ ಶರ್ಟಿನ ಕಾಲರ್ ತಿಕ್ಕಿಸಿದೆ. ಮೊದಲು ಇಡೀ ಶರ್ಟನ್ನ ನೊರೆಯಲ್ಲಿ ಗಿರಗಿರ ತಿರುಗಿಸಿದ, ಆಮೇಲೆ ದಾರಿಗೆ ಬಂದ.

ಒಂದು ಕೇಳಲೋ ಬೇಡವೋ ಅಂತಿದ್ದೆ. ಅವನ ತಾಯಿ ಹೊರಡುವಾಗ, "ಮಧ್ಯದಲ್ಲಿ ವಾಪಸ್ ಬರುವವರೂ ಇದ್ದಾರೆ, ಇವನು ಹಾಗಾಗದಿರಲಿ" ಅಂದರು. ಆ ಮಾತಲ್ಲಿ ಮಗನಿಗಿಂತ ಬೀದಿಯವರ ಭಯ ಜಾಸ್ತಿ ಇತ್ತು ಅನಿಸಿತು.

ಒರೆಮ್_ಟೆಕ್ಕಿ

ಅದು ನಿಜ ಮೇಡಂ. ಇಲ್ಲಿ ಹೊಸಬರ ಪರಿಚಯ ಆದ ತಕ್ಷಣ ಕೇಳೋ ಪ್ರಶ್ನೆ, ಎಲ್ಲಿ ಸೇವೆ ಮಾಡಿದೆ ಅಂತ. ಎರಡು ವರ್ಷ ಮುಗಿಸಿದವನಿಗೆ ವಿಮಾನ ನಿಲ್ದಾಣದಲ್ಲಿ ಬ್ಯಾನರ್, ಬಲೂನು, ಮೂವತ್ತು ಜನ. ನಾಲ್ಕೇ ತಿಂಗಳಿಗೆ ಬಂದವನಿಗೆ ಅಪ್ಪ ಅಮ್ಮ ಇಬ್ಬರೇ.

ನನ್ನ ಜೊತೆ ಕೆಲಸ ಮಾಡೋ ಒಬ್ಬ ಹಾಗೆ ಬಂದವನು. ಅವನಿಗೆ ನಿದ್ದೆ ಹೋಗಿತ್ತು, ಎದೆ ಹೊಡೆದುಕೊಳ್ಳೋದು, ಬೆಳಗ್ಗೆ ಏಳೋಕೆ ಆಗ್ತಿರಲಿಲ್ಲ. ಅಲ್ಲಿನ ಮಿಷನ್ ಅಧ್ಯಕ್ಷರು ಒಳ್ಳೆಯವರು, ಅವರೇ ಫೋನ್ ಮಾಡಿ ಕೌನ್ಸೆಲರ್ ಹತ್ತಿರ ಮಾತಾಡಿಸಿ, ಆಮೇಲೆ ಮನೆಗೆ ಕಳಿಸಿದ್ರಂತೆ. ಕಷ್ಟ ಶುರುವಾಗಿದ್ದು ಇಲ್ಲಿ ಬಂದ ಮೇಲೆ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಕೈಕುಲುಕಿ ಮುಖದಲ್ಲೊಂದು ಪ್ರಶ್ನೆ ಇಟ್ಕೊಂಡು ಹೋಗ್ತಿದ್ರು. ಏನೋ ತಪ್ಪು ಮಾಡಿರಬೇಕು ಅನ್ನೋ ಪ್ರಶ್ನೆ. ಆರೋಗ್ಯ ಸರಿ ಇಲ್ಲದವರು ಮನೆಯಲ್ಲೇ ಇದ್ದು ಆಹಾರ ಭಂಡಾರ, ಆಸ್ಪತ್ರೆ ಅಂಥ ಕಡೆ ದುಡಿಯೋ ಸೇವಾ ಮಿಷನ್ ಅಂತ ಒಂದಿದೆ, ಅವನು ಅದನ್ನ ಮುಗಿಸಿದ. ಆದರೂ ಇವತ್ತಿಗೂ ಎಲ್ಲಿ ಸೇವೆ ಮಾಡಿದೆ ಅಂದ್ರೆ ಒಂದು ಕ್ಷಣ ತಡೆದು ಉತ್ತರ ಕೊಡ್ತಾನೆ.

ತಮಾಷೆ ಅಂದ್ರೆ 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಸಾವಿರಾರು ಜನರನ್ನ ಒಂದೇ ಸಲ ವಾಪಸ್ ಕರೆಸಿದ್ರಲ್ಲ, ಫಿಲಿಪ್ಪೀನ್ಸ್‌ನಿಂದ ವಿಮಾನಗಟ್ಟಲೆ ಬಂದ್ರು. ಆಮೇಲೆ ಮಧ್ಯದಲ್ಲಿ ಬಂದವರನ್ನ ನೋಡೋ ರೀತಿ ಸ್ವಲ್ಪ ಮೆತ್ತಗಾಗಿದೆ ಅಂತ ಅವನೇ ಹೇಳ್ತಾನೆ.

ಜಯನಗರ_ಮಾಜಿ_ಎಲ್ಡರ್

ಅಕ್ಕ, ಆ ತಾಯಿಗೆ ಸಾಧ್ಯವಾದರೆ ಒಂದು ಮಾತು ಹೇಳಿ. ವಾರದ ಕರೆಯಲ್ಲಿ ಎಲ್ಲ ಚೆನ್ನಾಗಿದೆ ಅಂತ ಹುಡುಗ ಹೇಳಿಯೇ ಹೇಳುತ್ತಾನೆ. ಪಕ್ಕದಲ್ಲಿ ಜೊತೆಗಾರ ಕೂತಿರುತ್ತಾನೆ, ಬೇರೆ ಏನು ಹೇಳಲಿಕ್ಕೆ ಸಾಧ್ಯ? ಊಟ ಏನು, ನಿದ್ದೆ ಎಷ್ಟು, ಅಡುಗೆ ಯಾರದ್ದು, ಜೊತೆಗಾರ ಎಂಥವನು, ಇಂಥದ್ದನ್ನು ಬಿಡಿಬಿಡಿಯಾಗಿ ಕೇಳಲಿ. ಜೊತೆಗಾರನ ಬಗ್ಗೆ ಕೇಳಿದಾಗ ಹುಡುಗ ಎಷ್ಟು ಬೇಗ ಬೇರೆ ಮಾತಿಗೆ ಜಾರುತ್ತಾನೆ ಅನ್ನುವುದರಲ್ಲಿ ವಾರದ ಸುದ್ದಿಯೆಲ್ಲ ಇರುತ್ತದೆ.

ಇನ್ನೊಂದು. ಪಾಠ ಹೇಳಿದ ದಿನಗಳಿಗಿಂತ ನನಗೆ ಹೆಚ್ಚು ನೆನಪಿರುವುದು 2013ರ ಅಕ್ಟೋಬರ್ ಮತ್ತು ನವೆಂಬರ್. ಅಕ್ಟೋಬರ್ 15ರಂದು ಬೊಹೋಲ್‌ನಲ್ಲಿ ಭೂಕಂಪ, 7.2 ತೀವ್ರತೆ, ಸೆಬುವಿನಲ್ಲೂ ಗೋಡೆಗಳು ಬಿದ್ದವು. ಇನ್ನೂ ಮೂರು ವಾರ ಕಳೆದು ನವೆಂಬರ್ 8ಕ್ಕೆ ಯೊಲಾಂಡಾ ಚಂಡಮಾರುತ, ಹೊರಗಿನವರು ಹೈಯಾನ್ ಅಂದದ್ದು ಅದನ್ನೇ. ಅದು ಬಡಿದ ತಕ್ಲೋಬಾನ್ ಊರಿನ ಮಿಷನ್‌ನಲ್ಲಿ 200ಕ್ಕೂ ಹೆಚ್ಚು ಮಿಷನರಿಗಳಿದ್ದರು, ಅಲ್ಲಿ ಫೋನಿಲ್ಲ, ರಸ್ತೆಯಿಲ್ಲ. ದಿನಗಟ್ಟಲೆ ಅವರ ಸುದ್ದಿಗೆ ಕಾದೆವು. ಎಲ್ಲರೂ ಬದುಕಿದ್ದಾರೆ ಅಂತ ತಿಳಿದ ರಾತ್ರಿ ಐಡಹೊದವನು ಅನ್ನ ಬೇಯಿಸಿ, ನನ್ನ ಉಪ್ಪಿನಕಾಯಿ ಬಾಟಲಿ ತಾನೇ ತೆಗೆದಿಟ್ಟ. ಮುಂದಿನ ವಾರಗಳಲ್ಲಿ ಟೈ ಬಿಚ್ಚಿಟ್ಟು ಅಕ್ಕಿ ಮೂಟೆ ಕಟ್ಟಿದೆವು, ತಗಡು ಹೊತ್ತೆವು. ಆ ವಾರಗಳಲ್ಲಿ ಯಾರೂ ಅಂಕಿ ಕೇಳಲಿಲ್ಲ. ನೇರನುಡಿ ಅವರೇ, ಆಗ ಮಾಡಿದ್ದನ್ನಾದರೂ ಸೇವೆ ಅನ್ನಬಹುದು ಅಂದುಕೊಂಡಿದ್ದೇನೆ.

ನೇರನುಡಿ

ಅನ್ನಬಹುದು.

ಧಾರವಾಡ_ಮಾಸ್ತರ

ವಾಪಸ್ ಬಂದ ಮ್ಯಾಲೆ ಏನ್ ಮಾಡ್ತಾರ್ರಿ ಇವರು? ಎರಡ ವರ್ಷ ಓದು ಹಿಂದ ಬಿತ್ತಲ್ಲ.

ಒರೆಮ್_ಟೆಕ್ಕಿ

ಮಾಸ್ತರ್ರೇ, ಇಲ್ಲಿನ ಕಾಲೇಜುಗಳು ಸೀಟು ಹಾಗೇ ಹಿಡಿದಿಟ್ಟಿರ್ತವೆ, ಎಲ್ಲರೂ ಹೋಗೋರೇ ಅಲ್ವಾ. ಭಾಷೆ ಕೆಲವರ ಕೈ ಹಿಡಿಯುತ್ತೆ. ಯೂಟಾದ ಗವರ್ನರ್ ಆಗಿದ್ದ ಜಾನ್ ಹಂಟ್ಸ್‌ಮನ್ ಮಿಷನ್ ಮಾಡಿದ್ದು ತೈವಾನಿನಲ್ಲಿ, ಮುಂದೆ ಚೀನಾಕ್ಕೆ ಅಮೆರಿಕದ ರಾಯಭಾರಿ ಆದ್ರು. ಎಲ್ಲರೂ ರಾಯಭಾರಿ ಆಗಲ್ಲ. ಬೇಸಿಗೆಯಲ್ಲಿ ಮನೆಮನೆಗೆ ಹೋಗಿ ಜಿರಳೆ ಔಷಧಿ, ಕಳ್ಳರ ಅಲಾರಂ ಮಾರೋ ಕಂಪನಿಗಳು ಇಲ್ಲಿ ಹೆಚ್ಚು. ಅವರಿಗೆ ಈ ಹುಡುಗರು ಅಂದ್ರೆ ಪ್ರಾಣ. ಬಾಗಿಲು ಮುಖಕ್ಕೆ ಬಡಿದರೂ ಮುಂದಿನ ಮನೆಗೆ ನಗುತ್ತಾ ಹೋಗೋಕೆ ಎರಡು ವರ್ಷ ಪುಕ್ಕಟೆ ತರಬೇತಿ ಆಗಿರುತ್ತಲ್ಲ.

ದಾವಾವೊ_ಕುಡ್ಲ

ಹಿಂದಿನ ಮನೆಯ ಎಲ್ಡರ್ಸಿಗೆ ಸೆಬುಗೆ ಹೀಗೊಬ್ಬ ಬರ್ತಾನೆ ಹೇಳಿದೆ. ಎರಡು ಬಿಟ್ಟು ಬಾಕಿ ಶರ್ಟ್ ಅಮೆರಿಕದಿಂದ ತರುದು ಬೇಡ, ದಪ್ಪ ಬಟ್ಟೆ ಇಲ್ಲಿ ಒಣಗುದಿಲ್ಲ, ಇಲ್ಲೇ ತೆಳ್ಳಗಿನದ್ದು ಸಿಗ್ತದೆ ಅಂತ ಹೇಳಿದ್ರು. ಬೂಟು ಮಾತ್ರ ಒಳ್ಳೇದು ತರ್ಲಿ, ದೊಡ್ಡ ಸೈಜು ಇಲ್ಲಿ ಸಿಗುದು ಕಷ್ಟ.

ಸಾಗರದವಳು_ಲೀಹೈ

ಬೂಟಿನ ಮಾತು ಈಗಲೇ ಹೇಳ್ತೀನಿ, ಅವನ ಕಾಲು ದೋಣಿ ಇದ್ದಹಾಗಿದೆ. ಇನ್ನೊಂದು ಸುದ್ದಿ. ಮೊಮ್ಮಗ ಹೊರಟಿದ್ದು ನೋಡಿ ಅಜ್ಜ ಅಜ್ಜಿಯೂ ಅರ್ಜಿ ಹಾಕ್ತಾರಂತೆ! ಅಜ್ಜನಿಗೆ ಎಪ್ಪತ್ತು ದಾಟಿದೆ. ಅವರನ್ನೂ ಹೀಗೇ ಆರೂವರೆಗೆ ಎಬ್ಬಿಸಿ ಬಿಸಿಲಲ್ಲಿ ತಿರುಗಿಸ್ತಾರಾ?

ಒರೆಮ್_ಟೆಕ್ಕಿ

ಇಲ್ಲ ಮೇಡಂ, ಹಿರಿಯ ದಂಪತಿಗಳ ಕಥೆ ಬೇರೆ. ಆರು ತಿಂಗಳಿಂದ 23 ತಿಂಗಳವರೆಗೆ ಎಷ್ಟು ಅಂತ ಅವರೇ ಹೇಳಬಹುದು, ಎಲ್ಲಿ ಇಷ್ಟ ಅಂತ ಸೂಚಿಸಲೂಬಹುದು. ಕಚೇರಿ ಕೆಲಸ, ವಂಶಾವಳಿ ದಾಖಲೆ, ಹುಡುಗರ ಮನೆ ಬಾಡಿಗೆ ನೋಡ್ಕೊಳ್ಳೋದು ಇಂಥವು. ಖರ್ಚು ಅವರದೇ.

ಜಯನಗರ_ಮಾಜಿ_ಎಲ್ಡರ್

ನಿಯಮ ಒಂದು ಮಾತ್ರ ಅದೇ. ಜೊತೆಗಾರರನ್ನು ಬಿಟ್ಟು ಎಲ್ಲೂ ಹೋಗುವಂತಿಲ್ಲ, ಮತ್ತು ಅವರಿಗೆ ಆರು ವಾರಕ್ಕೊಮ್ಮೆ ಬದಲಾಯಿಸಿಕೊಡುವುದಿಲ್ಲ. ಅಜ್ಜಿಗೆ ಇದನ್ನು ಮೊದಲೇ ತಿಳಿಸಿಬಿಡಿ.